ಸವತಿ ವಸತಿಯಾದ ಬಗೆ

ಅಮ್ಮನಿಗೆ ಬೆಳಗಿನ ಕಾಫಿ ಜೊತೆ ಪೇಪರಿನ ಪದಬಂಧ ಬೇಕೇ ಬೇಕು. ಪೆನ್ಸಿಲ್ ಮುಟ್ಟುವುದಿಲ್ಲ, ನೇರ ಪೆನ್ನಿನಲ್ಲೇ ತುಂಬುತ್ತಾಳೆ. ಕಳೆದ ಜುಲೈನಲ್ಲಿ ಹಾಸನದಲ್ಲಿ ನಾಲ್ಕು ದಿನ ಬಿಡದೆ ಸೋನೆ ಹಿಡಿದಿತ್ತು. ಅಕ್ಕ ಮಗಳನ್ನು ಕರೆದುಕೊಂಡು ಬಂದಿದ್ದಳು. ಹೊರಗೆ ಹೋಗುವಂತಿಲ್ಲ, ಕರೆಂಟು ಬಂದರೆ ಬಂತು ಇಲ್ಲದಿದ್ದರೆ ಇಲ್ಲ. ಅಮ್ಮ ಪದಬಂಧ ಮುಗಿಸಿದವಳು ಮೊಮ್ಮಗಳಿಗೆ ತಾನೇ ಒಂದು ಸುಳಿವು ಕಟ್ಟಿ ಎಸೆದಳು: "ಸಾಲು ತಪ್ಪಿದ ಸವತಿಗೆ ಇರೋಕೆ ಜಾಗ ಸಿಕ್ತು. ಮೂರಕ್ಷರ."

ಹುಡುಗಿ ನನ್ನ ಮುಖ ನೋಡಿದಳು. ನಾನು ಸೂರು ನೋಡಿದೆ.

"ವಸತಿ ಕಣ್ರೋ" ಎಂದು ಅಮ್ಮ ಲೋಟ ಎತ್ತಿಕೊಂಡು ಒಳಗೆ ಹೋದಳು.

"ಮಾಮ, ಇಡೀ ದಿನ ಲ್ಯಾಪ್‌ಟಾಪ್ ಮುಂದೆ ಕೂತಿರ್ತೀಯಲ್ಲ, ಇದನ್ನ ಅದರ ಕೈಲಿ ಹುಡುಕಿಸೋಕೆ ಆಗಲ್ವಾ?"

ಆಗುತ್ತೆ, ಒಂದು ಗಂಟೆಯ ಕೆಲಸ ಅಂದೆ. ಮೂರು ವಾರ ಹಿಡಿಯಿತು. ಎಲ್ಲೆಲ್ಲಿ ಎಡವಿದೆ ಅಂತ ಬರೆದಿಡುತ್ತಿದ್ದೇನೆ. ಕನ್ನಡದಲ್ಲಿ ಇಂಥದ್ದನ್ನು ಮಾಡಲು ಹೊರಟವರಿಗೆ ಅದೇ ಹಳ್ಳಗಳು ಸಿಗುತ್ತವೆ.

ಇಂಗ್ಲಿಷಿನವರು ಅನಗ್ರಾಂ ಅನ್ನುವುದನ್ನು ನಾವು ಅಕ್ಷರಪಲ್ಲಟ ಅನ್ನಬಹುದು. ಅವೇ ಅಕ್ಷರ, ಸಾಲು ಬೇರೆ, ಅರ್ಥ ಬೇರೆ. ವಾಲ್ಮೀಕಿ "ಮರಾ ಮರಾ" ಎನ್ನುತ್ತಾ "ರಾಮ ರಾಮ" ಆಯಿತು ಅನ್ನುವ ಕಥೆ ಕೇಳಿ ಬೆಳೆದವರು ನಾವು. ಮ, ರಾ. ರಾ, ಮ. ಅಷ್ಟೇ ಆಟ.

ಮೊದಲ ದಿನ ದಡ್ಡ ದಾರಿ ಹಿಡಿದೆ. ಕೊಟ್ಟ ಪದದ ಅಕ್ಷರಗಳನ್ನು ಎಷ್ಟು ರೀತಿ ಜೋಡಿಸಬಹುದೋ ಅಷ್ಟನ್ನೂ ಜೋಡಿಸು, ಒಂದೊಂದನ್ನೂ ನಿಘಂಟಿನಲ್ಲಿ ಹುಡುಕು. ಮೂರಕ್ಷರಕ್ಕೆ 6 ಜೋಡಣೆ, ತೊಂದರೆ ಇಲ್ಲ. ಎಂಟಕ್ಕೆ 40,320. ಹತ್ತಕ್ಕೆ 36,28,800. ನನ್ನ ಹಳೇ ಲ್ಯಾಪ್‌ಟಾಪಿನ ಫ್ಯಾನು ರೈಸ್ ಮಿಲ್ಲಿನ ಹಾಗೆ ಕೂಗಿತು.

ಸರಿಯಾದ ದಾರಿ ಉಲ್ಟಾ ಇದೆ. ನಿಘಂಟಿನ ಪ್ರತಿ ಪದದ ಅಕ್ಷರಗಳನ್ನೂ ಒಂದೇ ಸಲ ವರ್ಣಮಾಲೆಯ ಸಾಲಿನಲ್ಲಿ ಜೋಡಿಸಿ ಒಂದು ಕೀಲಿ ಮಾಡಿಡಬೇಕು. "ನದಿ"ಯ ಅಕ್ಷರ ಜೋಡಿಸಿದರೆ ದಿ-ನ. "ದಿನ"ದ್ದೂ ದಿ-ನ. ಇಬ್ಬರ ಕೀಲಿಯೂ ಒಂದೇ, ಹಾಗಾಗಿ ಇಬ್ಬರೂ ಒಂದೇ ಡಬ್ಬಿಗೆ ಬೀಳುತ್ತಾರೆ. ಆಮೇಲೆ ಯಾವ ಪದ ಕೇಳಿದರೂ ಅದರ ಕೀಲಿ ಮಾಡಿ ಆ ಡಬ್ಬಿ ತೆರೆದರೆ ಮುಗಿಯಿತು. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇದು ಹತ್ತು ಸಾಲೂ ಇಲ್ಲ.

ಪದಗಳಿಗೆ "ಅಲರ್" ನಿಘಂಟು ಹಿಡಿದೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು ಅದು. ಒಂದೂವರೆ ಲಕ್ಷಕ್ಕೂ ಜಾಸ್ತಿ ಪದ ಇವೆ. 2019ರಲ್ಲಿ ಜಾಲಕ್ಕೆ ಬಂತು, ಇಡೀ ದತ್ತಾಂಶ ಮುಕ್ತ ಪರವಾನಗಿಯಲ್ಲಿ ಸಿಗುತ್ತದೆ. ಒಬ್ಬ ಮನುಷ್ಯನ ಆಯಸ್ಸಿನ ಕೆಲಸವನ್ನು ಮಳೆಗಾಲದ ಆಟಕ್ಕೆ ಇಳಿಸಿಕೊಳ್ಳುವಾಗ ಸ್ವಲ್ಪ ಸಂಕೋಚವೇ ಆಯಿತು. ಅದರ ಜೊತೆಗೆ ಅಕ್ಕನ ಮಗಳ ಹಟಕ್ಕೆ ಸುತ್ತಲಿನ ಊರುಗಳ ಹೆಸರು, ಅವಳ ಕ್ಲಾಸಿನ ಹುಡುಗಿಯರ ಹೆಸರು ಕೂಡ ಸೇರಿಸಿದೆ.

ಓಡಿಸಿದೆ. ಮೊದಲು ಕೊಟ್ಟ ಪದ "ಹಾಸನ". ತಕ್ಷಣ ಉತ್ತರ ಬಂತು: "ಸಹನಾ".

ಹುಡುಗಿ ಕುಣಿದಳು. ಸಹನಾ ಅವಳ ಪಕ್ಕದ ಬೆಂಚಿನವಳಂತೆ. ನಾನೂ ಬೀಗುತ್ತಾ ಅಮ್ಮನಿಗೆ ತೋರಿಸಿದೆ. ಅಮ್ಮ ಕನ್ನಡಕ ಏರಿಸಿ ನೋಡಿದಳು.

"ಹಾ ಎಲ್ಲಿ ಹೋಯ್ತು?"

"ಎಲ್ಲಮ್ಮ?"

"ಹಾಸನದಲ್ಲಿ ಹಾ ಇದೆ. ಇದರಲ್ಲಿ ಹ ಇದೆ. ಅಲ್ಲಿ ನ, ಇಲ್ಲಿ ನಾ. ಹಾ ತಗೊಂಡು ಹೋಗಿ ನಾ ಕೊಟ್ಟಿದೀಯ. ಹಿಂಗೆಲ್ಲಾ ಮಾಡಿದ್ರೆ ನನ್ನ ಚೌಕ ತುಂಬಲ್ಲ ಕಣಪ್ಪ."

ಅವಳು ಹೇಳಿದ್ದು ನೂರಕ್ಕೆ ನೂರು ಸರಿ. ಕಂಪ್ಯೂಟರಿಗೆ "ಹಾ" ಅನ್ನುವುದು ಒಂದು ಅಕ್ಷರವೇ ಅಲ್ಲ. ಕಂಪ್ಯೂಟರುಗಳು ಬಳಸುವ ಯೂನಿಕೋಡ್ ಅನ್ನುವ ಅಕ್ಷರಪಟ್ಟಿಯಲ್ಲಿ ಪ್ರತಿ ತುಂಡಿಗೂ ಒಂದು ಸಂಖ್ಯೆ ಇದೆ. ಹ ಅಂದರೆ 3257, ಆ-ಕಾರದ ಇಳಿ 3262, ಸ 3256, ನ 3240. "ಹಾಸನ" ಅಂದರೆ ಅದಕ್ಕೆ 3257, 3262, 3256, 3240. "ಸಹನಾ" ಅಂದರೆ 3256, 3257, 3240, 3262. ಅವೇ ನಾಲ್ಕು ಸಂಖ್ಯೆ! ನನ್ನ ಪ್ರೋಗ್ರಾಂ ಅಕ್ಷರಗಳನ್ನಲ್ಲ, ತುಂಡುಗಳನ್ನು ಕಲಸುತ್ತಿತ್ತು. ಹ ತೊಟ್ಟಿದ್ದ ಇಳಿಯನ್ನು ಬಿಚ್ಚಿ ನ-ಗೆ ತೊಡಿಸಿತ್ತು.

ಸರಿ, ಪದವನ್ನು ಪದಬಂಧದ ಚೌಕದ ಲೆಕ್ಕದಲ್ಲಿ ಒಡೆಯಬೇಕು. ಇದಕ್ಕೆಂದೇ ಇರುವ ಒಂದು ಸಿದ್ಧ ಸೌಲಭ್ಯ ಬಳಸಿ ನೋಡಿದೆ. ಅದು ಹಾ, ನಾ ಎಲ್ಲ ಸರಿಯಾಗಿ ಕೊಟ್ಟಿತು. ಆದರೆ "ಅಕ್ಕ"ನನ್ನು ಅ, ಕ್, ಕ ಎಂದು ಮೂರು ಮಾಡಿತು. ಒತ್ತಕ್ಷರದ ನಡುವೆ ಕತ್ತಿ ಹಾಕಿತ್ತು. ಪಕ್ಕದಲ್ಲಿ ನಮ್ಮಕ್ಕ ಕೂತು ಅವರೆಕಾಯಿ ಬಿಡಿಸುತ್ತಿದ್ದಳು, "ನನ್ನ ಎರಡೇ ಮಾಡಪ್ಪ ಸಾಕು" ಅಂದಳು.

ಕೊನೆಗೆ ನಿಯಮವನ್ನು ಕೈಯಲ್ಲೇ ಬರೆದೆ. ಒಂದು ವ್ಯಂಜನ ತಗೋ. ಅದರ ನಂತರ ಹಲಂತ (ಸ್ವರ ಕಳೆಯುವ ಗುರುತು, ಸಂಖ್ಯೆ 3277) ಬಂದು, ಅದರ ನಂತರ ಇನ್ನೊಂದು ವ್ಯಂಜನ ಬಂದರೆ ಎರಡನ್ನೂ ಕಟ್ಟು. ಆಮೇಲೆ ಸ್ವರದ ಗುರುತು ಇದ್ದರೆ ಸೇರಿಸು, ಸೊನ್ನೆ ಅಥವಾ ವಿಸರ್ಗ ಇದ್ದರೆ ಅದನ್ನೂ ಸೇರಿಸು. ಅಲ್ಲಿಗೆ ಒಂದು ಅಕ್ಷರ. ಕೊನೆಯಲ್ಲಿ ಹಲಂತ ಉಳಿದರೆ, "ಬಸ್" ಥರ, ಸ್ ತನ್ನದೇ ಚೌಕದಲ್ಲಿ ಕೂರಲಿ. ಮೊದಲ ಸಲ ಒಂದೇ ಒತ್ತಿಗೆ ಬರೆದಿದ್ದೆ, "ರಾಷ್ಟ್ರ" ಮುರಿದು ಬಿತ್ತು. ಅದರಲ್ಲಿ ಷ, ಟ, ರ ಮೂರೂ ಒಂದರ ಮೇಲೊಂದು. "ಹಲಂತ-ವ್ಯಂಜನ ಜೋಡಿ ಎಷ್ಟು ಸಲ ಬಂದರೂ ಕಟ್ಟು" ಎಂದು ತಿದ್ದಿದ ಮೇಲೆ ರಾ, ಷ್ಟ್ರ ಎಂದು ಎರಡಾಯಿತು.

ಇನ್ನು ರಿಪೇರಿಯ ಭಾಗ. ಇದರಲ್ಲೇ ಒಂದು ವಾರ ಹೋಯಿತು.

ನಮ್ಮ ಮನೆಯವರು ಬೇರೆ ಬೇರೆ ಕೀಬೋರ್ಡಿನಲ್ಲಿ ಟೈಪ್ ಮಾಡಿ ಕಳಿಸಿದ ಪದಗಳು, ಹಳೇ ಫಾಂಟಿನಿಂದ ಯೂನಿಕೋಡಿಗೆ ಬದಲಾಯಿಸಿದ ಒಂದು ಪಟ್ಟಿ, ಎಲ್ಲ ಸೇರಿಸಿದ್ದೆ. ಕಣ್ಣಿಗೆ ಒಂದೇ ಥರ ಕಾಣುವ "ಅಂಕ" ಎರಡು ಸಲ, ಎರಡು ಡಬ್ಬಿಯಲ್ಲಿ ಇತ್ತು. ಅರ್ಧ ದಿನ ತಲೆ ಕೆರೆದುಕೊಂಡು ಸಂಖ್ಯೆ ತೆಗೆಸಿ ನೋಡಿದೆ. ಒಂದರಲ್ಲಿ ಅನುಸ್ವಾರ, 3202. ಇನ್ನೊಂದರಲ್ಲಿ 3302, ಅಂದರೆ ಕನ್ನಡ ಅಂಕಿಯ ಸೊನ್ನೆ! ಯಾರೋ ಪುಣ್ಯಾತ್ಮರು ಬಿಂದುವಿನ ಜಾಗದಲ್ಲಿ ಅಂಕಿ ಒತ್ತಿದ್ದರು. ನಾವು ಅನುಸ್ವಾರಕ್ಕೂ ಸೊನ್ನೆ ಅಂತಲೇ ಕರೆಯುತ್ತೇವಲ್ಲ, ಅವರ ತಪ್ಪು ಅನ್ನಲಿಕ್ಕೂ ಆಗುವುದಿಲ್ಲ. ಸರಿಯಾಗಿ ನೂರರ ವ್ಯತ್ಯಾಸ.

ಆಮೇಲೆ "ಕೊಡೆ". ಒ-ಕಾರದ ಗುರುತಿಗೆ ಒಂದೇ ಸಂಖ್ಯೆ ಇದೆ, 3274. ಆದರೆ ಎ-ಕಾರದ 3270, ಊ-ಕಾರದ 3266 ಎರಡನ್ನೂ ಒಂದರ ಹಿಂದೆ ಒಂದು ಇಟ್ಟರೂ ಪರದೆಯ ಮೇಲೆ ಅದೇ ಆಕಾರ ಬರುತ್ತದೆ. ಓ-ಕಾರವನ್ನಂತೂ ಮೂರು ತುಂಡಿನಲ್ಲಿ ಬರೆಯಬಹುದು. ಇದಕ್ಕೆ ನಾರ್ಮಲೈಸೇಶನ್ ಅಂತ ಮದ್ದು ಇದೆ. ಪೈಥಾನಿನಲ್ಲಿ ಒಂದು ಸಾಲು ಬರೆದರೆ ತುಂಡುಗಳನ್ನೆಲ್ಲ ಸೇರಿಸಿ ಒಂದೇ ರೂಪಕ್ಕೆ ತರುತ್ತದೆ. ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ ಇದು, ನಾನು ಎಲ್ಲಕ್ಕಿಂತ ಕೊನೆಗೆ ಮಾಡಿದೆ.

ಕಾಣದ ಕಳ್ಳರು ಇನ್ನಿಬ್ಬರು: 8204 ಮತ್ತು 8205. ಇವಕ್ಕೆ ಆಕಾರವೇ ಇಲ್ಲ. "ಲ್ಯಾಪ್‌ಟಾಪ್" ಬರೆಯುವಾಗ ಟಾ ಹೋಗಿ ಪ-ಗೆ ಒತ್ತಾಗದಿರಲಿ ಎಂದು ನಡುವೆ 8204 ನಿಂತಿರುತ್ತದೆ. "ರ‍್ಯಾಂಕ್" ಬರೆದಾಗ ರ-ದ ಪಕ್ಕ 8205 ಇರುತ್ತದೆ. ಎರಡನ್ನೂ ಕಸದಂತೆ ಗುಡಿಸಿಬಿಟ್ಟೆ. ಲ್ಯಾಪ್‌ಟಾಪಿನ ಪ್-ಟಾ ಅಂಟಿಕೊಂಡು ಒಂದಾಯಿತು. ಈಗ 8204 ಸಿಕ್ಕಲ್ಲಿ ಮೊದಲು ಕತ್ತರಿಸಿ ಆಮೇಲೆ ಅದನ್ನು ಬಿಸಾಡುತ್ತೇನೆ. 8205ನ್ನು ಮಾತ್ರ ಸುಮ್ನೆ ತೆಗೆಯುತ್ತೇನೆ.

ಇಷ್ಟಾದ ಮೇಲೆ ಓಡಿಸಿದಾಗ ಬಂದ ಜೋಡಿಗಳನ್ನು ನೋಡಬೇಕಿತ್ತು. ಕಪಿ ತಿರುಗಿದರೆ ಪಿಕ, ಮರದ ಮೇಲಿನ ಕೋತಿ ಕೋಗಿಲೆ ಆಯಿತು. ಗಜದೊಳಗೆ ಜಗ. ಸದಾ ತಿರುಗಿದರೆ ದಾಸ. ಮತ ಬೋರಲು ಬಿದ್ದರೆ ತಮ, ಅಂದರೆ ಕತ್ತಲೆ. ಇದಕ್ಕೆ ನಾನು ಏನೂ ಹೇಳುವುದಿಲ್ಲ. ಮದನನನ್ನು ಕಲಕಿದರೆ ದಮನ. ಮನನ, ನಮನ. ಹವನ, ವಹನ. ಪವನ ಕಲಕಿದರೆ ವಪನ; ಅದಕ್ಕೆ ಬಿತ್ತನೆ ಅಂತಲೂ ಅರ್ಥ, ಕ್ಷೌರ ಅಂತಲೂ ಅರ್ಥ. ಚಿಕ್ಕಮಗಳೂರು ಕಡೆಯ ಕಳಸ ಕಲಸಿದರೆ ಹಳಗನ್ನಡದ "ಸಕಳ" ಸಿಕ್ಕಿತು. ಬೇಲೂರು, ಸಕಲೇಶಪುರಕ್ಕೆ ಏನೂ ಬರಲಿಲ್ಲ. ಹಾಸನಕ್ಕೂ "ಇಲ್ಲ" ಎಂದೇ ಬಂತು. ಸಹನಾಳನ್ನು ಕಳೆದುಕೊಂಡ ಹುಡುಗಿ ಮುಖ ಊದಿಸಿಕೊಂಡಳು.

ಅಮ್ಮ ಇದನ್ನೆಲ್ಲ ತಲೆಯಲ್ಲೇ ಹೇಗೆ ಮಾಡುತ್ತಾಳೆ ಅಂತ ಕೇಳಿದೆ. ಅವಳು ಎಲ್ಲ ಜೋಡಣೆಯನ್ನೂ ನೋಡುವುದೇ ಇಲ್ಲ. ಅ, ಆ, ಇ ಥರದ ಬಿಡಿ ಸ್ವರ ಇದ್ದರೆ ಅದು ಪದದ ಶುರುವಿನಲ್ಲೇ ಕೂರಬೇಕು. "ಅರಮನೆ"ಗೆ 24 ಜೋಡಣೆ ಇದ್ದರೂ ನೋಡಬೇಕಾದ್ದು 6 ಮಾತ್ರ. ಳ, ಣ ಶುರುವಿಗೆ ಬರುವುದು ಇಲ್ಲವೆಂದೇ ಹೇಳಬೇಕು. ಕ್ಕ, ಪ್ಪ, ಲ್ಲ ಥರದ ಒತ್ತುಗಳೂ ಹಾಗೇ, ಶುರುವಿಗೆ ಬರಲ್ಲ. "ಕೊಪ್ಪದಲ್ಲಿ ಪ್ಪ ಮುಂದೆ ಬಂದ್ರೆ ನಾಲಿಗೆ ಹೊರಳುತ್ತೇನೋ?" ಎಂದಳು. ಈ ಯಾವ ಜಾಣತನವೂ ನನ್ನ ಪ್ರೋಗ್ರಾಮಿಗೆ ಬೇಕಿಲ್ಲ, ಅದು ಡಬ್ಬಿ ತೆರೆದು ನೋಡುವುದಷ್ಟೇ. ಆದರೆ ಕೈಯಲ್ಲಿ ಆಡುವವರಿಗೆ ಇದಕ್ಕಿಂತ ಒಳ್ಳೆ ಉಪಾಯ ನನಗೆ ಗೊತ್ತಿಲ್ಲ.

ಸಹನಾ ಹೋದ ಸಿಟ್ಟು ಹುಡುಗಿಗೆ ಇಳಿದಿರಲಿಲ್ಲ. ಸ್ಕೂಲಿನ ವ್ಯಾಕರಣದ ನೋಟ್ಸ್ ತಂದು ಮುಂದೆ ಇಟ್ಟಳು. ರಥ ಬಿಡಿಸಿ ಬರೆಯಿರಿ: ರ್ + ಅ + ಥ್ + ಅ. "ಹೀಗೆ ಬಿಡಿಸಿ ಕಲಸಿದ್ರೆ? ಆಗ ಹಾಸನ ಸಹನಾ ಆಗುತ್ತಲ್ವಾ?" ಆಗುತ್ತೆ. ಅಮ್ಮನಿಗೊಂದು ಆಟ, ಮೊಮ್ಮಗಳಿಗೊಂದು ಆಟ ಅಂತ ಇಟ್ಟರಾಯಿತು.

ನನ್ನ ಮೊದಲ ದಿನದ ಪ್ರೋಗ್ರಾಂ ಇದನ್ನೇ ಮಾಡುತ್ತಿತ್ತು, ಅದನ್ನೇ ವಾಪಸ್ ತಂದರೆ ಸಾಕು ಅಂದುಕೊಂಡೆ. ಸಾಲಲಿಲ್ಲ. ರಥದಲ್ಲಿರುವ ಅ-ಕಾರ ಕಂಪ್ಯೂಟರಿಗೆ ಕಾಣುವುದೇ ಇಲ್ಲ. ವ್ಯಂಜನದ ಪಕ್ಕ ಏನೂ ಬರೆಯದಿದ್ದರೆ ಅದೇ ಅ. ಇನ್ನೂ ಒಂದು ತೊಡಕು, ಪದದ ಶುರುವಿನ ಆ ಬೇರೆ ಸಂಖ್ಯೆ (3206), ಇಳಿಯಾಗಿ ಬಂದ ಆ ಬೇರೆ ಸಂಖ್ಯೆ (3262). ಎರಡನ್ನೂ ಒಂದು ಮಾಡಬೇಕು. ಪಟ್ಟಿ ಮಾಡಲು ಕೂತಾಗ ಒಂದು ಚೆಂದದ ವಿಷಯ ಸಿಕ್ಕಿತು. ಕಳೆದು ನೋಡಿದೆ, 56. ಇ 3207, ಅದರ ಗುಡಿಸು 3263, ವ್ಯತ್ಯಾಸ 56. ಎ, ಏ, ಒ, ಓ, ಔ ವರೆಗೂ ಅದೇ 56. ಯೂನಿಕೋಡಿನಲ್ಲಿ ಕನ್ನಡದ ಮನೆ ಕಟ್ಟಿದವರು ಅಳತೆ ಇಟ್ಟೇ ಕಟ್ಟಿದ್ದಾರೆ. ಹಾಗಾಗಿ ಪಟ್ಟಿಯೇ ಬೇಡ. ವ್ಯಂಜನದ ನಂತರ ಹಲಂತ ಇದ್ದರೆ ಸ್ವರ ಇಲ್ಲ, ಗುರುತು ಇದ್ದರೆ 56 ಕಳೆ, ಏನೂ ಇಲ್ಲದಿದ್ದರೆ ಒಂದು ಅ ಸೇರಿಸು. ಆದರೆ ಒ-ಕಾರ ಎರಡು ತುಂಡಾಗಿ ಉಳಿದಿದ್ದರೆ ಈ ಲೆಕ್ಕ ಕೈಕೊಡುತ್ತದೆ. ನಾರ್ಮಲೈಸೇಶನ್ ಮೊದಲು ಮಾಡಿ ಅಂತ ಮತ್ತೆ ಹೇಳುತ್ತಿದ್ದೇನೆ.

ಈ ಬಿಡಿಸಿದ ಆಟದ ಮಜವೇ ಬೇರೆ. ಮಾನವ ವಾಮನನಾದ. ದಾನವ ಕೂತು ವಾದನ ಶುರು ಮಾಡಿದ. ಆಪ್ತನೊಳಗೆ ತಾಪ ಸಿಕ್ಕಿತು. ಅಮ್ಮ ಬಿಡಿಸಿದರೆ ಮಮ. ಅಶ್ವ ಬಿಡಿಸಿದರೆ ಶವವೂ ಬಂತು, ವಶವೂ ಬಂತು. ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಅರ್ಥ ಮತ್ತು ರಥ. ಬರೆದಾಗ ಒಂದಕ್ಕೊಂದು ಏನೇನೂ ಹೋಲುವುದಿಲ್ಲ. ಬಿಡಿಸಿದರೆ ಎರಡರಲ್ಲೂ ಎರಡು ಅ, ಒಂದು ರ್, ಒಂದು ಥ್. ಅಮ್ಮ ಮಾತ್ರ ಈ ಆಟವನ್ನು ಇವತ್ತಿಗೂ ಒಪ್ಪಿಲ್ಲ, "ಸೀರೆ ಬಿಚ್ಚಿ ನೂಲು ಎಣಿಸೋ ಕೆಲಸ" ಅನ್ನುತ್ತಾಳೆ.

ಇನ್ನೊಂದು ಜಗಳ "ಗಮನ"ದ್ದು. ಹುಡುಗಿ "ಮಗನ" ಅಂದಳು. ನಿಘಂಟಿನಲ್ಲಿ "ಮಗ" ಇರುತ್ತಾನೆ, "ಮಗನ" ಇರುವುದಿಲ್ಲ. ವಿಭಕ್ತಿ ಹಚ್ಚಿದ್ದನ್ನೆಲ್ಲ ಒಪ್ಪಿದರೆ ಒಂದೊಂದು ಪದಕ್ಕೂ ಸಂಸಾರವೇ ಹುಟ್ಟಿಕೊಳ್ಳುತ್ತದೆ. ಪ್ರೋಗ್ರಾಮಿಗೆ ಬೇಡ, ಬಾಯಲ್ಲಿ ಆಡುವಾಗ ಸರಿ ಎಂದು ಅಕ್ಕ ತೀರ್ಪು ಕೊಟ್ಟಳು.

ಅರ್ಥದ ಕೆಲಸ ನಾನು ಅಂದುಕೊಂಡದ್ದಕ್ಕಿಂತ ನಿಧಾನ. ಅಲರ್‌ನಲ್ಲಿ ಅರ್ಥ ಇಂಗ್ಲಿಷಿನಲ್ಲಿ ಇದೆ. ನನಗೆ ಸಾಕು, ಅಮ್ಮನ ಆಟಕ್ಕೆ ಸಾಲದು. ಜೋಡಿ ಸಿಕ್ಕ ಪದಗಳಲ್ಲಿ ಅಮ್ಮ ಆರಿಸಿಕೊಂಡವಕ್ಕೆ ಮಾತ್ರ ಕನ್ನಡದಲ್ಲಿ ಬರೆಯುತ್ತಾ ಹೋದೆವು. ಅವಳು ಹೇಳುವುದು, ನಾನು ಟೈಪ್ ಮಾಡುವುದು. ವದನ-ದವನ ಬಂದಾಗ ನಾನು "ದವನ: ಸುವಾಸನೆಯ ಗಿಡ" ಎಂದು ಹಾಕಿದ್ದೆ. ಅಳಿಸಿಸಿದಳು. "ಕನಕಾಂಬರದ ಜೊತೆ ಸೇರಿಸಿ ಕಟ್ಟೋ ಘಮಘಮ ಸೊಪ್ಪು ಅಂತ ಹಾಕು. ಗಿಡ ಅಂದ್ರೆ ಯಾವ ಗಿಡ ಅಂತ ಮಗೂಗೆ ಹೇಗೆ ಗೊತ್ತಾಗಬೇಕು?"

ಕೈಯಲ್ಲಿ ಹಿಡಿದು ಆಡಲು ಬಿಲ್ಲೆಗಳೂ ಬೇಕಲ್ಲ. ಅಕ್ಷರದ ಬಿಲ್ಲೆ ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್ ಆಟದ ಥರ ಒಂದು ಚೀಲ ಬಿಲ್ಲೆ ಮಾಡೋಣ ಅಂತ ಹೊರಟೆ. ಇಂಗ್ಲಿಷ್ ಸ್ಕ್ರ್ಯಾಬಲ್‌ನಲ್ಲಿ 100 ಬಿಲ್ಲೆ, 26 ಅಕ್ಷರ, ಎರಡು ಖಾಲಿ. ನಮ್ಮಲ್ಲಿ 34 ವ್ಯಂಜನಕ್ಕೆ 13 ಸ್ವರ, 2 ಯೋಗವಾಹ ಸೇರಿಸಿ ಕಾಗುಣಿತ ಬರೆದರೆ 510. ಒತ್ತಕ್ಷರ ಇನ್ನೂ ಲೆಕ್ಕಕ್ಕೇ ಬಂದಿಲ್ಲ! ಚೀಲ ಅಲ್ಲ, ಮೂಟೆ ಬೇಕು. ಆ ಯೋಚನೆ ಬಿಟ್ಟು ಒಂದು ಒಗಟಿಗೆ ಒಂದು ಬೆಂಕಿಪೊಟ್ಟಣ ಅಂತ ಮಾಡಿದೆ. ಮನೆಯಲ್ಲಿ ರಾಶಿ ಬಿದ್ದಿದ್ದ ಲಗ್ನಪತ್ರಿಕೆಗಳನ್ನು ಇಂಚಿನ ಚೌಕ ಕತ್ತರಿಸಿ, ಹಿಂಬದಿಯಲ್ಲಿ ಮಾರ್ಕರಿನಲ್ಲಿ ಅಕ್ಷರ ಬರೆದು ಪೊಟ್ಟಣದೊಳಗೆ ಹಾಕುವುದು. ಮೇಲೆ ಅಮ್ಮನ ಸುಳಿವು ಅಂಟಿಸುವುದು. ಲಗ್ನಪತ್ರಿಕೆಯ ಕಾರ್ಡು ಗಟ್ಟಿ, ಇಂಕು ಹೀರುವುದಿಲ್ಲ. ಮಿಂಚುವ ಪ್ಲಾಸ್ಟಿಕ್ ಪದರ ಇರುವವು ಬೇಡ, ಮಾರ್ಕರ್ ಒರೆಸಿ ಹೋಗುತ್ತದೆ. ಪ್ರತಿ ಬಿಲ್ಲೆಯ ಕೆಳಗೆ ಒಂದು ಗೆರೆ ಎಳೆಯಿರಿ. ನಮ್ಮ ಲಿಪಿ ದುಂಡಗಿದೆ, ತಲೆ ಯಾವುದು ಕಾಲು ಯಾವುದು ಅಂತ ಮಕ್ಕಳಿಗೆ ಗೊಂದಲ ಆಗುತ್ತದೆ.

ಅಮ್ಮನ ಫೋನಿಗೆ ಹಾಕಿದ್ದು ಕೊನೆಯ ಕೆಲಸ. ಮೊದಲು ಇಡೀ ನಿಘಂಟನ್ನೇ ಒಂದು ಪುಟಕ್ಕೆ ತುರುಕಿದ್ದೆ, ಫೋನು ಬಿಸಿಯಾಗಿ ನಿಂತುಹೋಯಿತು. ಒಂಟಿ ಪದ ಇರುವ ಡಬ್ಬಿಗಳು ಆಟಕ್ಕೆ ಬೇಕಿಲ್ಲವಲ್ಲ, ಅವನ್ನೆಲ್ಲ ಬಿಟ್ಟು ಎರಡೋ ಜಾಸ್ತಿಯೋ ಪದ ಇರುವ ಡಬ್ಬಿಗಳನ್ನು ಮಾತ್ರ ಇಟ್ಟೆ. ಹಗುರಾಯಿತು. ಇಂಟರ್ನೆಟ್ ಇಲ್ಲದೆಯೂ ತೆರೆಯುತ್ತದೆ, ನಮ್ಮ ಮಳೆಗಾಲಕ್ಕೆ ಅದೇ ಮುಖ್ಯ.

ಅಮ್ಮ ಫೋನು ಇಸಕೊಂಡು ಮೊದಲು ಹೊಡೆದದ್ದೇ "ಹಾಸನ". ಪರದೆ "ಇಲ್ಲ" ಎಂದಿತು. ಅವಳು ಒಪ್ಪಲಿಲ್ಲ. ಹುಬ್ಬು ಗಂಟಿಕ್ಕಿಕೊಂಡು ಬೆರಳಿನಲ್ಲಿ ಎಣಿಸಿದಳು. ಹಾ, ಸ, ನ. ನ, ಸ, ಹಾ. ಆಮೇಲೆ ಮೆಲ್ಲಗೆ ಏನೋ ಗುನುಗಿದಳು.

"ಸಹಾನ ಎಲ್ಲೋ ಹೋಯ್ತು?"

"ಸಹನಾ ಬೇಡ ಅಂದಿದ್ದು ನೀನೇ ಅಲ್ವಾ ಅಮ್ಮ?"

"ಸಹನಾ ಅಲ್ಲ ಕಣೋ. ಸ, ಹಾ, ನ. ರಾಗ. ಸಹಾನ ರಾಗ."

ಕಬ್ಬಿಣದ ಪೆಟ್ಟಿಗೆಯಿಂದ ಅವಳು ಸಂಗೀತ ಕಲಿಯುತ್ತಿದ್ದಾಗಿನ ಪುಸ್ತಕ ಹೊರಗೆ ಬಂತು. ಹಾಳೆ ಕಂದಿದೆ, ಅಂಚಿಗೆ ಹುಳು ಹಿಡಿದಿದೆ. ದುಂಡನೆಯ ಅಕ್ಷರದಲ್ಲಿ ಬರೆದಿತ್ತು: ಸಹಾನ, 28ನೇ ಮೇಳ ಹರಿಕಾಂಭೋಜಿಯಲ್ಲಿ ಜನ್ಯ. ನನ್ನ ಪಟ್ಟಿಯಲ್ಲಿ ಊರಿನ ಹೆಸರಿತ್ತು, ಹುಡುಗಿಯರ ಹೆಸರಿತ್ತು, ರಾಗಗಳ ಹೆಸರು ಇರಲಿಲ್ಲ. ಅವತ್ತು ರಾತ್ರಿ ಆ ಪುಸ್ತಕದಲ್ಲಿದ್ದ ರಾಗಗಳನ್ನೆಲ್ಲ ಒಂದೊಂದಾಗಿ ಸೇರಿಸಿ ಡಬ್ಬಿಗಳನ್ನು ಮತ್ತೆ ಕಟ್ಟಿದೆ.

ಬೆಳಗ್ಗೆ ಹೊಸ ಬೆಂಕಿಪೊಟ್ಟಣಕ್ಕೆ ಮೂರು ಬಿಲ್ಲೆ ಕತ್ತರಿಸಿದೆ. ಮೇಲೆ ಅಂಟಿಸುವ ಚೀಟಿಗೆ ಏನು ಬರೆಯಲಿ ಅಂತ ಕೇಳಿದೆ. ಅಮ್ಮ ಪೇಪರಿನಿಂದ ಕಣ್ಣು ತೆಗೆಯದೆ ಹೇಳಿದಳು: "ನಮ್ಮೂರು ಅದಲು ಬದಲಾದ್ರೆ ಹಾಡಬಹುದು. ಮೂರಕ್ಷರ."